ನಾಯಕರ ವಿಡಿಯೊ ಸಂದೇಶ: ರಾಜತಾಂತ್ರಿಕತೆಯೋ, ಪ್ರಚಾರವೋ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಒಂದು ದೇಶದ ನಾಯಕರು ಮತ್ತೊಂದು ದೇಶದ ಜನರನ್ನೇ ಉದ್ದೇಶಿಸಿ ಮಾತನಾಡುವ ವಿಡಿಯೊಗಳು ಈಗ ಕನ್ನಡದ ಅಡಿಬರಹ ಹೊತ್ತು ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬರುತ್ತಿವೆ. ಪಠ್ಯದಲ್ಲಿ ನಾವು ರಾಯಭಾರಿ, ಶೃಂಗಸಭೆ, ಒಪ್ಪಂದ ಎಂದು ಕಲಿಸುತ್ತೇವೆ. ವಿದ್ಯಾರ್ಥಿಗಳೋ, ‘ಸರ್, ನಾಯಕರೇ ಯೂಟ್ಯೂಬ್‌ನಲ್ಲಿ ನೇರವಾಗಿ ಮಾತಾಡುವಾಗ ರಾಯಭಾರಿ ಯಾಕೆ ಬೇಕು?’ ಎಂದು ಕೇಳುತ್ತಾರೆ. ಇಂಥ ವಿಡಿಯೊಗಳಿಂದ ದೇಶಗಳ ನಡುವಿನ ಸಂಬಂಧದಲ್ಲಿ ನಿಜಕ್ಕೂ ಏನಾದರೂ ಬದಲಾಗಿದೆಯೇ, ಅಥವಾ ಇದು ಬರೀ ಪ್ರಚಾರವೇ? ಮಲೆನಾಡಿನಲ್ಲಿ ಕುಳಿತ ನಮಗೆ ಇದರಿಂದ ಆಗುವುದೇನು?

ಉತ್ತರ: ನಿಮ್ಮ ವಿದ್ಯಾರ್ಥಿಗಳ ಪ್ರಶ್ನೆ ಸರಿಯಾದ ಜಾಗಕ್ಕೇ ಕೈಯಿಟ್ಟಿದೆ. ಶಿವಮೊಗ್ಗದ ತರಗತಿಗಳಲ್ಲಿ ಅಂತರರಾಷ್ಟ್ರೀಯ ಸಂಬಂಧಗಳನ್ನು ಪಾಠ ಮಾಡುತ್ತ ಬಂದ ನನಗೂ ಈ ಪ್ರಶ್ನೆ ಹಲವು ರೂಪಗಳಲ್ಲಿ ಎದುರಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಾಯಕರ ವಿಡಿಯೊ ಮಾತುಕತೆಯನ್ನು ನಡೆಸುವುದಿಲ್ಲ. ಒಂದು ಸರ್ಕಾರ ಯಾವ ಮಾತಿಗೆ ಎಲ್ಲರೆದುರು ಕಟ್ಟುಬೀಳಲು ಸಿದ್ಧವಿದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ, ಮತ್ತು ಆ ಮಾತನ್ನು ಕೇಳುವವರ ವಲಯವನ್ನು ಹಿಗ್ಗಿಸುತ್ತದೆ. ಆ ಮಾತಿಗೆ ಉತ್ತರ ಬಂದಾಗ ಅದನ್ನು ಸ್ವೀಕರಿಸಿ ಮುಂದಕ್ಕೆ ಒಯ್ಯುವ ಇನ್ನೊಂದು ದಾರಿ, ಕ್ಯಾಮೆರಾ ಇಲ್ಲದ ದಾರಿ, ಹಿಂದೆ ಸಿದ್ಧವಿದ್ದರೆ ವಿಡಿಯೊ ರಾಜತಾಂತ್ರಿಕತೆಯ ಭಾಗವಾಗುತ್ತದೆ. ಅಂಥ ದಾರಿ ಇಲ್ಲದಿದ್ದರೆ ಎಷ್ಟೇ ಕೋಟಿ ಜನ ನೋಡಿದರೂ ಅದು ಪ್ರಸಾರವಾಗಿಯೇ ಉಳಿಯುತ್ತದೆ.

ಈ ವಿಷಯದಲ್ಲಿ ತರಗತಿಗೆ ಬಹಳ ಉಪಯುಕ್ತವಾದ ಉದಾಹರಣೆ 2009ರದ್ದು. ಆ ವರ್ಷದ ಮಾರ್ಚ್‌ನಲ್ಲಿ, ಪರ್ಷಿಯನ್ ಹೊಸ ವರ್ಷವಾದ ನೌರೂಜ್ ಹಬ್ಬದ ಸಂದರ್ಭದಲ್ಲಿ, ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಇರಾನಿಗೆ ಒಂದು ವಿಡಿಯೊ ಸಂದೇಶ ಕಳುಹಿಸಿದರು. ಅಧಿಕಾರಕ್ಕೆ ಬಂದು ಆಗ ಅವರಿಗೆ ಎರಡು ತಿಂಗಳಾಗಿತ್ತು. ಶ್ವೇತಭವನದ ಜಾಲತಾಣದಲ್ಲಿಯೂ ಯೂಟ್ಯೂಬ್‌ನಲ್ಲಿಯೂ ಪ್ರಕಟವಾದ ಆ ಸಂದೇಶಕ್ಕೆ ಫಾರ್ಸಿ ಅಡಿಬರಹವಿತ್ತು. 1979ರ ಕ್ರಾಂತಿ ಮತ್ತು ಟೆಹರಾನ್ ರಾಯಭಾರ ಕಚೇರಿಯ ಒತ್ತೆಯಾಳು ಪ್ರಕರಣದ ನಂತರ, 1980ರಿಂದ ಈ ಎರಡು ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಪರಸ್ಪರರ ರಾಜಧಾನಿಯಲ್ಲಿ ರಾಯಭಾರಿಗಳಿರಲಿಲ್ಲ. ಹಾಗಾಗಿ ‘ರಾಯಭಾರಿ ಇಲ್ಲದೆ ವಿಡಿಯೊ ಒಂದರಿಂದಲೇ ಏನು ಸಾಧ್ಯ’ ಎಂಬ ನಿಮ್ಮ ವಿದ್ಯಾರ್ಥಿಗಳ ಪ್ರಶ್ನೆಗೆ ಇದು ನೇರವಾದ ಪರೀಕ್ಷೆ.

ಆ ಸಂದೇಶದಲ್ಲಿ ಗಮನಿಸಬೇಕಾದದ್ದು ಹಬ್ಬದ ಶುಭಾಶಯವನ್ನಲ್ಲ. ಇರಾನಿನ ಜನರ ಜೊತೆಗೆ ‘ಇಸ್ಲಾಮಿಕ್ ಗಣರಾಜ್ಯದ ನಾಯಕ’ರನ್ನೂ ಉದ್ದೇಶಿಸಿ ಮಾತನಾಡುತ್ತಿದ್ದೇನೆ ಎಂದು ಒಬಾಮ ಹೇಳಿದ್ದು ಮುಖ್ಯ. ಜನ ಬೇರೆ, ಆಡಳಿತ ಬೇರೆ ಎಂದು ಬಿಡಿಸಿ, ಜನರನ್ನು ಹೊಗಳಿ ಆಡಳಿತವನ್ನು ತೆಗಳುವ ಕ್ರಮ ವಾಷಿಂಗ್ಟನ್‌ನಲ್ಲಿ ಅಲ್ಲಿಯವರೆಗೆ ರೂಢಿಯಲ್ಲಿತ್ತು. ಆಡಳಿತವನ್ನು ಅದರ ಅಧಿಕೃತ ಹೆಸರಿನಿಂದ ಕರೆದದ್ದೆಂದರೆ, ನಿಮ್ಮ ಸರ್ಕಾರವನ್ನು ಉರುಳಿಸುವುದು ನಮ್ಮ ಗುರಿಯಲ್ಲ ಎಂದು ಸೂಚಿಸಿದಂತೆ. ಬೆದರಿಕೆಯಿಂದ ಈ ಕೆಲಸ ಮುಂದುವರಿಯದು ಎಂಬ ಮಾತೂ ಅದರಲ್ಲಿತ್ತು. ಹಾಗಾಗಿ ಇದು ಪ್ರಚಾರದ ವಿಡಿಯೊ ಆಗಿರಲಿಲ್ಲ. ಅಳೆದು ತೂಗಿ ಸಿದ್ಧಪಡಿಸಿದ ರಾಜತಾಂತ್ರಿಕ ಪಠ್ಯವಾಗಿತ್ತು.

ಉತ್ತರ ಬರಲು ತಡವಾಗಲಿಲ್ಲ. ಇರಾನಿನ ಸರ್ವೋಚ್ಚ ನಾಯಕ ಅಲಿ ಖಮೇನಿ ಮರುದಿನವೇ ಮಶ್ಹದ್ ನಗರದ ಸಭೆಯಲ್ಲಿ, ಬದಲಾವಣೆ ಎನ್ನುತ್ತೀರಿ, ಆದರೆ ನಮಗೆ ಯಾವ ಬದಲಾವಣೆಯೂ ಕಾಣುತ್ತಿಲ್ಲ, ನೀವು ಬದಲಾದರೆ ನಮ್ಮ ನಡವಳಿಕೆಯೂ ಬದಲಾಗುತ್ತದೆ ಎಂಬರ್ಥದ ಮಾತನಾಡಿದರು. ಪತ್ರಿಕೆಗಳಲ್ಲಿ ಹಲವರು ಇದನ್ನು ತಿರಸ್ಕಾರವೆಂದೇ ಓದಿದರು. ನನಗೆ ಹಾಗೆನ್ನಿಸುವುದಿಲ್ಲ. ಲಕ್ಷಾಂತರ ಜನರೆದುರು ಬಂದ ಕರೆಗೆ ಲಕ್ಷಾಂತರ ಜನರೆದುರೇ ಉತ್ತರಿಸಬೇಕಾದ ಸ್ಥಿತಿಯಲ್ಲಿ, ಮೂವತ್ತು ವರ್ಷ ಅಮೆರಿಕ ವಿರೋಧವನ್ನೇ ಆಡಳಿತದ ಆಧಾರವಾಗಿಸಿಕೊಂಡ ವ್ಯಕ್ತಿಯೊಬ್ಬರು ಅದಕ್ಕಿಂತ ಮೃದುವಾಗಿ ಮಾತನಾಡಲು ಸಾಧ್ಯವಿರಲಿಲ್ಲ. ಷರತ್ತಿನ ರೂಪದಲ್ಲಾದರೂ ‘ನಾವೂ ಬದಲಾಗುತ್ತೇವೆ’ ಎಂಬ ಅಂಶವನ್ನು ಅವರು ಉಳಿಸಿಕೊಂಡರಲ್ಲ, ಅದನ್ನು ಎತ್ತಿಕೊಂಡು ಮುಂದುವರಿಸುವ ಜನ, ಕೋಣೆ, ಮಧ್ಯಸ್ಥರು ಆಗ ಇರಲಿಲ್ಲ. ಅದೇ ಜೂನ್‌ನಲ್ಲಿ ಇರಾನಿನ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶದ ವಿರುದ್ಧ ಜನ ಬೀದಿಗಿಳಿದರು; ಸರ್ಕಾರ ಅವರನ್ನು ಹತ್ತಿಕ್ಕಿತು; ಯೂಟ್ಯೂಬ್‌ಗೂ ತಡೆ ಬಿತ್ತು. ಶುಭಾಶಯ ಬಂದ ದಾರಿಯೇ ಮುಚ್ಚಿಹೋಯಿತು.

ಮುಂದೆ ಈ ಎರಡು ದೇಶಗಳು ಹತ್ತಿರ ಬಂದದ್ದು ಹೇಗೆ? ಓಮಾನಿನ ಸುಲ್ತಾನ್ ಕಾಬೂಸ್ ಅವರ ಮಧ್ಯಸ್ಥಿಕೆಯಲ್ಲಿ, 2012ರಲ್ಲಿ ಹಾಗೂ 2013ರಲ್ಲಿ, ಅಮೆರಿಕ ಮತ್ತು ಇರಾನಿನ ಅಧಿಕಾರಿಗಳು ಯಾರಿಗೂ ತಿಳಿಯದಂತೆ ಭೇಟಿಯಾದರು. 2013ರ ಸೆಪ್ಟೆಂಬರ್‌ನಲ್ಲಿ ಒಬಾಮ ಮತ್ತು ಇರಾನಿನ ಹೊಸ ಅಧ್ಯಕ್ಷ ಹಸನ್ ರೂಹಾನಿ ದೂರವಾಣಿಯಲ್ಲಿ ಮಾತನಾಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಇರಾನಿನ ವಿದೇಶಾಂಗ ಸಚಿವ ಜವಾದ್ ಜರೀಫ್ ಇಂಗ್ಲಿಷಿನಲ್ಲಿ ಮಾತನಾಡಿ ಯೂಟ್ಯೂಬ್‌ಗೆ ವಿಡಿಯೊ ಹಾಕಿದರು. ಕೆಲವೇ ದಿನಗಳ ನಂತರ, ನವೆಂಬರ್ 24ರಂದು, ಜಿನೀವಾದಲ್ಲಿ ಇರಾನಿನ ಪರಮಾಣು ಕಾರ್ಯಕ್ರಮದ ಬಗ್ಗೆ ಮಧ್ಯಂತರ ಒಪ್ಪಂದವಾಯಿತು. 2015ರ ಜುಲೈ 14ರಂದು ವಿಯೆನ್ನಾದಲ್ಲಿ ಪೂರ್ಣ ಪರಮಾಣು ಒಪ್ಪಂದ ಸಿದ್ಧವಾಯಿತು. ಜರೀಫ್ ಅವರ ವಿಡಿಯೊ ಒಬಾಮರ ವಿಡಿಯೊಗಿಂತ ಸುಂದರವಾಗಿತ್ತು ಎಂಬ ಕಾರಣಕ್ಕೆ ಫಲ ಕೊಡಲಿಲ್ಲ. ಅದು ಬಂದಾಗ ಮಾತುಕತೆಯ ಮೇಜು ಸಿದ್ಧವಿತ್ತು, ಮೇಜಿನ ಮೇಲೆ ಕರಡು ಇತ್ತು. ವಿಡಿಯೊದ ಕೆಲಸ, ಒಪ್ಪಂದ ಆದಾಗ ಎರಡೂ ಕಡೆಯ ಜನ ಬೆಚ್ಚಿಬೀಳದಂತೆ ನೋಡಿಕೊಳ್ಳುವುದಷ್ಟೇ ಆಗಿತ್ತು. 2018ರ ಮೇ ತಿಂಗಳಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರನಡೆದದ್ದು ಬೇರೆಯೇ ಕಥೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಹಳೆಯ ಎರಡು ನಿದರ್ಶನಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 1986ರ ಜನವರಿ 1ರಂದು ಅಮೆರಿಕದ ಅಧ್ಯಕ್ಷ ರೇಗನ್ ಸೋವಿಯತ್ ಜನರನ್ನು, ಸೋವಿಯತ್ ನಾಯಕ ಗೋರ್ಬಚೇವ್ ಅಮೆರಿಕದ ಜನರನ್ನು ಉದ್ದೇಶಿಸಿ ಟೆಲಿವಿಷನ್‌ನಲ್ಲಿ ಹೊಸ ವರ್ಷದ ಸಂದೇಶ ನೀಡಿದರು. ಹಿಂದಿನ ನವೆಂಬರ್‌ನಲ್ಲಿ ಜಿನೀವಾದಲ್ಲಿ ಇಬ್ಬರೂ ಭೇಟಿಯಾಗಿದ್ದರು. ಸಂದೇಶಗಳ ವಿನಿಮಯ ಎರಡೂ ಸರ್ಕಾರಗಳು ಒಪ್ಪಿ ನಡೆಸಿದ್ದು. ಸುಮಾರು ಎರಡು ವರ್ಷಗಳ ನಂತರ, 1987ರ ಡಿಸೆಂಬರ್‌ನಲ್ಲಿ, ಮಧ್ಯಮ ದೂರದ ಕ್ಷಿಪಣಿಗಳ ಒಪ್ಪಂದಕ್ಕೆ ಅವರಿಬ್ಬರೂ ಸಹಿ ಹಾಕಿದರು. ಇದಕ್ಕೆ ತದ್ವಿರುದ್ಧವಾದದ್ದು 1990ರ ಸೆಪ್ಟೆಂಬರ್. ಇರಾಕ್ ಕುವೈತನ್ನು ಆಕ್ರಮಿಸಿದ ನಂತರ ಅಮೆರಿಕದ ಅಧ್ಯಕ್ಷ ಹಿರಿಯ ಜಾರ್ಜ್ ಬುಷ್ ಅವರ ವಿಡಿಯೊ ಮುದ್ರಿತ ಭಾಷಣ ಇರಾಕಿ ಟೆಲಿವಿಷನ್‌ನಲ್ಲಿ ಪ್ರಸಾರವಾಯಿತು. ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಅಮೆರಿಕದ ಜನರಿಗೆ ಬಹು ದೀರ್ಘವಾದ ಮರುಸಂದೇಶ ಕಳುಹಿಸಿದರು. ಎರಡೂ ಕಡೆ ನಾಯಕರು ಮಾತನಾಡಿದರು, ಎರಡೂ ಕಡೆ ಜನ ನೋಡಿದರು, ಮರು ಜನವರಿಯಲ್ಲಿ ಯುದ್ಧ ಆರಂಭವಾಯಿತು. ಆ ಸಂದೇಶಗಳಲ್ಲಿ ಇಬ್ಬರೂ ಎದುರಾಳಿಯ ಜನರನ್ನು ಅವರ ಸರ್ಕಾರದಿಂದ ಬೇರ್ಪಡಿಸಲು ಯತ್ನಿಸಿದ್ದರೇ ಹೊರತು ಸರ್ಕಾರದ ಜೊತೆ ಮಾತನಾಡಲು ಯತ್ನಿಸಿರಲಿಲ್ಲ.

ಸಾರ್ವಜನಿಕ ಮಾತು ಯಾಕೆ ಇಷ್ಟು ಬಿಗಿಯಾಗುತ್ತದೆ ಎಂಬುದಕ್ಕೆ ವಿದ್ವಾಂಸರಲ್ಲಿ ಒಂದು ಪ್ರಸಿದ್ಧ ವಿವರಣೆಯಿದೆ. ಅಮೆರಿಕದ ರಾಜ್ಯಶಾಸ್ತ್ರಜ್ಞ ಜೇಮ್ಸ್ ಫಿಯರನ್ 1994ರಲ್ಲಿ ಮಂಡಿಸಿದ ವಾದದ ಪ್ರಕಾರ, ನಾಯಕನೊಬ್ಬ ತನ್ನ ಜನರೆದುರು ಒಂದು ನಿಲುವು ಘೋಷಿಸಿ ಆಮೇಲೆ ಹಿಂದೆ ಸರಿದರೆ ಸ್ವದೇಶದಲ್ಲಿ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಆ ಬೆಲೆ ಇರುವುದರಿಂದಲೇ ಎದುರಾಳಿ ಅವನ ಮಾತನ್ನು ನಂಬುತ್ತಾನೆ. ನಮ್ಮ ಊರುಗಳಲ್ಲಿ ತೋಟದ ಬೇಲಿಯ ತಕರಾರು ಬಂದಾಗ ಇದನ್ನು ಎಲ್ಲರೂ ಕಂಡಿರುತ್ತೇವೆ: ಊರ ಸಭೆಯಲ್ಲಿ ‘ಒಂದು ಅಡಿಯನ್ನೂ ಬಿಡುವುದಿಲ್ಲ’ ಎಂದವನಿಗೆ ಅರ್ಧ ಅಡಿ ಬಿಡುವ ಮನಸ್ಸಿದ್ದರೂ ಬಿಡಲಾಗುವುದಿಲ್ಲ, ಅದನ್ನು ಬಿಡಿಸಲು ಹಿರಿಯರು ಅವನನ್ನು ಒಳಗಿನ ಜಗಲಿಗೆ ಕರೆದು ಕೂರಿಸಬೇಕು. ವಿಡಿಯೊದ ಬಲವೂ ದೋಷವೂ ಇದೇ. ನಿಲುವನ್ನು ನಂಬಿಸಬೇಕಾದಾಗ ಅದು ಅತ್ಯುತ್ತಮ ಸಾಧನ. ನಿಲುವನ್ನು ಸಡಿಲಿಸಬೇಕಾದಾಗ ಅದೇ ಕಾಲಿಗೆ ತೊಡಕು.

ಇದರ ಕಾನೂನಿನ ಮುಖವನ್ನೂ ನಿಮ್ಮ ವಿದ್ಯಾರ್ಥಿಗಳಿಗೆ ತಿಳಿಸುವುದು ಒಳ್ಳೆಯದು, ಏಕೆಂದರೆ ಪಠ್ಯಗಳಲ್ಲಿ ಇದು ಅಪರೂಪ. ‘ವಿಡಿಯೊದಲ್ಲಿ ಹೇಳಿದ್ದಕ್ಕೆ ಬೆಲೆಯೇನು, ಸಹಿ ಇಲ್ಲವಲ್ಲ’ ಎಂದು ಯಾರಾದರೂ ಕೇಳಬಹುದು. ಫ್ರಾನ್ಸ್ ಪೆಸಿಫಿಕ್ ಸಾಗರದ ಮೇಲೆ ವಾತಾವರಣದಲ್ಲಿ ನಡೆಸುತ್ತಿದ್ದ ಪರಮಾಣು ಪರೀಕ್ಷೆಗಳ ವಿರುದ್ಧ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಹೂಡಿದ ದಾವೆಯಲ್ಲಿ, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1974ರಲ್ಲಿ ಮಹತ್ವದ ತೀರ್ಪು ನೀಡಿತು. ಪರೀಕ್ಷೆ ನಿಲ್ಲಿಸುತ್ತೇವೆಂದು ಫ್ರಾನ್ಸಿನ ಅಧ್ಯಕ್ಷರು ಪತ್ರಿಕಾಗೋಷ್ಠಿಯಲ್ಲಿಯೂ ರಕ್ಷಣಾ ಸಚಿವರು ಟೆಲಿವಿಷನ್‌ನಲ್ಲಿಯೂ ಹೇಳಿದ್ದರು. ಬದ್ಧರಾಗುವ ಉದ್ದೇಶದಿಂದ ಬಹಿರಂಗವಾಗಿ ಹೇಳಿದ ಏಕಪಕ್ಷೀಯ ಮಾತು ಆ ದೇಶವನ್ನು ಕಾನೂನಿನಂತೆ ಕಟ್ಟಿಹಾಕುತ್ತದೆ, ಅದು ಯಾವ ರೂಪದಲ್ಲಿ ಬಂತು ಎಂಬುದು ನಿರ್ಣಾಯಕವಲ್ಲ ಎಂದು ನ್ಯಾಯಾಲಯ ಹೇಳಿತು. ಇಂದಿನ ಯೂಟ್ಯೂಬ್ ಸಂದೇಶಕ್ಕೂ ಇದೇ ತರ್ಕ ಅನ್ವಯವಾಗಬಾರದೆಂದು ಹೇಳಲು ನನಗೆ ಕಾರಣ ಕಾಣುವುದಿಲ್ಲ. ನಾಯಕರ ಭಾಷಣ ಬರೆದುಕೊಡುವ ವಿದೇಶಾಂಗ ಸಚಿವಾಲಯಗಳು ‘ಮಾಡುತ್ತೇವೆ’ ಎಂಬುದರ ಜಾಗದಲ್ಲಿ ‘ಮಾಡಲು ಬಯಸುತ್ತೇವೆ’ ಎಂದು ತಿದ್ದುವುದು ಇದಕ್ಕಾಗಿಯೇ. ಇನ್ನೊಂದು ಅಂಶ: ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಡಂಬಡಿಕೆಯ 41ನೆಯ ವಿಧಿ, ರಾಯಭಾರ ಕಚೇರಿಯವರು ತಾವಿರುವ ದೇಶದ ಆಂತರಿಕ ವ್ಯವಹಾರದಲ್ಲಿ ತಲೆಹಾಕಬಾರದು, ಅಧಿಕೃತ ವ್ಯವಹಾರವನ್ನು ಅಲ್ಲಿನ ವಿದೇಶಾಂಗ ಸಚಿವಾಲಯದ ಅಥವಾ ಒಪ್ಪಿತವಾದ ಬೇರೆ ಸಚಿವಾಲಯದ ಮೂಲಕವೇ ನಡೆಸಬೇಕು ಎನ್ನುತ್ತದೆ. ತನ್ನ ಕಚೇರಿಯಲ್ಲೇ ಕುಳಿತು ಪರದೇಶದ ಜನರನ್ನು ಮಾತನಾಡಿಸುವ ನಾಯಕನಿಗೆ ಈ ವಿಧಿಯ ಲಗಾಮು ಇಲ್ಲ. ವಿಡಿಯೊವನ್ನು ನಾಯಕರು ಇಷ್ಟಪಡಲು ಇದೂ ಒಂದು ಕಾರಣವೆಂದು ನನ್ನ ಊಹೆ.

ಈಗ ಉಕ್ರೇನಿಗೆ ಬರೋಣ, ಏಕೆಂದರೆ ವಿಡಿಯೊ ಇಲ್ಲದಿದ್ದರೆ ಆ ಯುದ್ಧದ ಮೊದಲ ವಾರಗಳು ಬೇರೆಯೇ ರೀತಿ ಇರುತ್ತಿದ್ದವೆಂದು ನಾನು ದೃಢವಾಗಿ ನಂಬುತ್ತೇನೆ. 2022ರ ಫೆಬ್ರುವರಿ 24ರ ನಸುಕಿನಲ್ಲಿ, ರಷ್ಯಾದ ದಾಳಿ ಆರಂಭವಾಗುವುದಕ್ಕೆ ಸ್ವಲ್ಪ ಮುನ್ನ, ಉಕ್ರೇನಿನ ಅಧ್ಯಕ್ಷ ವೊಲೊದಿಮಿರ್ ಝೆಲೆನ್‌ಸ್ಕಿ ರಷ್ಯನ್ ಭಾಷೆಯಲ್ಲೇ ರಷ್ಯಾದ ಜನರಿಗೆ ವಿಡಿಯೊ ಸಂದೇಶ ನೀಡಿದರು. ಪುಟಿನ್ ಅವರಿಗೆ ಕರೆ ಮಾಡಿದೆ, ಉತ್ತರವಾಗಿ ಸಿಕ್ಕಿದ್ದು ಮೌನ ಎಂದು ಅವರೇ ಅದರಲ್ಲಿ ಹೇಳಿದರು. ಎಲ್ಲ ದಾರಿಗಳೂ ಮುಚ್ಚಿದ ಮೇಲೆ ಬಂದ ಆ ವಿಡಿಯೊ ದಾಳಿಯನ್ನು ತಡೆಯಲಿಲ್ಲ. ಆದರೆ ಮರುದಿನ ರಾತ್ರಿಯ ಅರ್ಧ ನಿಮಿಷದ ವಿಡಿಯೊ ಬೇರೆ ಕೆಲಸ ಮಾಡಿತು. ಅವರು ಕೀವ್ ಬಿಟ್ಟು ಓಡಿಹೋಗಿದ್ದಾರೆಂಬ ಸುದ್ದಿ ಹಬ್ಬಿದ್ದಾಗ, ಅಧ್ಯಕ್ಷರ ಕಚೇರಿಯ ಹೊರಗೆ ಬೀದಿಯಲ್ಲಿ ಪ್ರಧಾನಿ ಮತ್ತಿತರರ ಜೊತೆ ನಿಂತು, ನಾವೆಲ್ಲ ಇಲ್ಲೇ ಇದ್ದೇವೆ ಎಂದರು. ಕುಸಿಯುತ್ತಿರುವ ಸರ್ಕಾರಕ್ಕೆ ಯಾರೂ ಶಸ್ತ್ರಾಸ್ತ್ರ ಕೊಡುವುದಿಲ್ಲ. ಈ ಸರ್ಕಾರ ಕುಸಿದಿಲ್ಲ ಎಂಬುದಕ್ಕೆ ಯುರೋಪಿನ ರಾಜಧಾನಿಗಳಿಗೆ ಸಿಕ್ಕ ಸಾಕ್ಷಿ ಅದು.

ಆಮೇಲೆ ಸಂಸತ್ತುಗಳ ಸರಣಿ. ಮಾರ್ಚ್ 1ರಂದು ಯುರೋಪಿಯನ್ ಸಂಸತ್ತು, 8ರಂದು ಬ್ರಿಟನ್, 16ರಂದು ಅಮೆರಿಕದ ಕಾಂಗ್ರೆಸ್, 17ರಂದು ಜರ್ಮನಿ, 23ರಂದು ಜಪಾನ್. ಪ್ರತಿ ದೇಶದಲ್ಲೂ ಆ ದೇಶದ ನೆನಪನ್ನೇ ಅವರು ಮುಟ್ಟಿದರು: ಬ್ರಿಟನ್‌ನಲ್ಲಿ ಚರ್ಚಿಲ್, ಅಮೆರಿಕದಲ್ಲಿ ಪರ್ಲ್ ಹಾರ್ಬರ್, ಜರ್ಮನಿಯಲ್ಲಿ ಬರ್ಲಿನ್ ಗೋಡೆ. ಇದನ್ನು ಹಿಂದೆ ನಟರಾಗಿದ್ದವರ ಕೌಶಲವಷ್ಟೇ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಎದುರಿಗಿರುವವರ ಇತಿಹಾಸವನ್ನು ಓದಿ ಮಾತನಾಡುವುದು ರಾಯಭಾರಿಯ ಮೊದಲ ಕರ್ತವ್ಯ, ಅದನ್ನೇ ಅವರು ಸಾಮೂಹಿಕವಾಗಿ ಮಾಡಿದರು. ಫಲವೂ ಸಿಕ್ಕಿತು, ಮಿತಿಯೂ ಕಂಡಿತು. ಕಾಂಗ್ರೆಸ್ಸಿಗೆ ಮಾತನಾಡಿದ ದಿನವೇ ಅಧ್ಯಕ್ಷ ಬೈಡನ್ 80 ಕೋಟಿ ಡಾಲರ್‌ಗಳ ಹೆಚ್ಚುವರಿ ಸೇನಾ ನೆರವು ಪ್ರಕಟಿಸಿದರು. ಆದರೆ ಝೆಲೆನ್‌ಸ್ಕಿ ಬಹುವಾಗಿ ಬೇಡಿಕೊಂಡದ್ದು ಉಕ್ರೇನಿನ ಆಕಾಶದಲ್ಲಿ ವಿಮಾನ ಹಾರಾಟ ನಿಷೇಧ ವಲಯ. ಅದನ್ನು ಜಾರಿಗೊಳಿಸಲು ರಷ್ಯಾದ ವಿಮಾನಗಳನ್ನು ಹೊಡೆದುರುಳಿಸಬೇಕಾಗುತ್ತಿತ್ತು, ಹಾಗಾಗಿ ಯಾರೂ ಕೊಡಲಿಲ್ಲ. ಕೊಡಬಹುದೆಂದು ಮೊದಲೇ ಮನಸ್ಸಿದ್ದದ್ದನ್ನು ವಿಡಿಯೊ ಬೇಗ ಕೊಡಿಸಬಲ್ಲದು. ಕೊಡಬಾರದೆಂದು ಲೆಕ್ಕ ಹಾಕಿ ನಿರ್ಧರಿಸಿದ್ದನ್ನು ಕೊಡಿಸಲಾರದು.

ಎಡವಿದ ಸಂದರ್ಭಗಳೂ ಇವೆ. ಮಾರ್ಚ್ 20ರಂದು ಇಸ್ರೇಲಿನ ಸಂಸದರಿಗೆ ಮಾತನಾಡುತ್ತ ರಷ್ಯಾದ ದಾಳಿಯನ್ನು ನಾಜಿಗಳ ಯಹೂದ್ಯ ನರಮೇಧಕ್ಕೆ ಹೋಲಿಸಿದಾಗ ಅಲ್ಲಿನ ಹಲವು ಸಂಸದರು ಬಹಿರಂಗವಾಗಿ ಆಕ್ಷೇಪಿಸಿದರು. ಏಪ್ರಿಲ್ 7ರಂದು ಗ್ರೀಸ್ ಸಂಸತ್ತಿನಲ್ಲಿ ತಮ್ಮ ಭಾಷಣದ ನಡುವೆ ಅತಿ ಬಲಪಂಥೀಯ ಮೂಲದ ಅಜೋವ್ ಪಡೆಯ ಸೈನಿಕನೊಬ್ಬನ ವಿಡಿಯೊ ತೋರಿಸಿದ್ದಕ್ಕೆ ವಿರೋಧ ಬಂತು. ಅಲ್ಲಿ ವರ್ಷಗಟ್ಟಲೆ ಬದುಕಿದ ರಾಯಭಾರಿಗೆ ಆ ಸದನದಲ್ಲಿ ಯಾವ ಮಾತು ನೋಯಿಸುತ್ತದೆ ಎಂಬುದು ಗೊತ್ತಿರುತ್ತದೆ. ನಿಮ್ಮ ವಿದ್ಯಾರ್ಥಿಗಳ ‘ರಾಯಭಾರಿ ಯಾಕೆ’ ಎಂಬುದಕ್ಕೆ ಇದು ಒಂದು ಉತ್ತರ.

ಇನ್ನೊಂದು ಉತ್ತರ ಅದೇ ವರ್ಷದ ಜುಲೈ 22ರದ್ದು. ವಿಡಿಯೊ ಭಾಷಣಗಳು ಒಂದು ಕಡೆ ನಡೆಯುತ್ತಿದ್ದಂತೆಯೇ, ವಿಶ್ವಸಂಸ್ಥೆ ಮತ್ತು ಟರ್ಕಿಯ ಅಧಿಕಾರಿಗಳು ಮುಚ್ಚಿದ ಕೋಣೆಗಳಲ್ಲಿ ವಾರಗಟ್ಟಲೆ ಕುಳಿತು ಕಪ್ಪು ಸಮುದ್ರದ ಧಾನ್ಯ ಒಪ್ಪಂದ ರೂಪಿಸಿದರು. ಉಕ್ರೇನ್ ಮತ್ತು ರಷ್ಯಾ ಪರಸ್ಪರ ಒಂದೇ ಕಾಗದಕ್ಕೆ ಸಹಿ ಹಾಕಲೊಪ್ಪದೆ, ಇಸ್ತಾಂಬುಲ್‌ನಲ್ಲಿ ಪ್ರತ್ಯೇಕ ಪ್ರತಿಗಳಿಗೆ ಸಹಿ ಹಾಕಿದವು. ಒಂದು ವರ್ಷ ಕಾಲ ಉಕ್ರೇನಿನ ಬಂದರುಗಳಿಂದ ಹಡಗುಗಳು ಹೊರಟದ್ದು ಆ ಕಾಗದಗಳಿಂದ. ಯುದ್ಧಕ್ಕೆ ಮುಂಚೆ ಭಾರತಕ್ಕೆ ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ಬರುತ್ತಿದ್ದದ್ದು ಉಕ್ರೇನಿನಿಂದಲೇ. ಆ ಬೇಸಿಗೆಯಲ್ಲಿ ಶಿವಮೊಗ್ಗದ ದಿನಸಿ ಅಂಗಡಿಗಳಲ್ಲಿ ಎಣ್ಣೆಯ ಬೆಲೆ ಏರಿದ್ದನ್ನು ನಿಮ್ಮ ವಿದ್ಯಾರ್ಥಿಗಳ ಮನೆಗಳಲ್ಲೂ ಅನುಭವಿಸಿರುತ್ತಾರೆ.

ಮೂರನೆಯದು ಕನ್ನಡಿಗರ ಮನೆಗಳಿಗೆ ಇನ್ನೂ ಹತ್ತಿರದ್ದು. ಆ ಮಾರ್ಚ್‌ನಲ್ಲಿ ಉಕ್ರೇನಿನ ಸುಮಿ ನಗರದಲ್ಲಿ ಸಿಲುಕಿದ್ದ ಭಾರತೀಯ ವಿದ್ಯಾರ್ಥಿಗಳು, ಕರ್ನಾಟಕದವರೂ ಸೇರಿ, ನೆಲಮಾಳಿಗೆಗಳಿಂದ ವಿಡಿಯೊ ಮಾಡಿ ಕಳುಹಿಸುತ್ತಿದ್ದರು. ಆ ವಿಡಿಯೊಗಳು ಸರ್ಕಾರದ ಮೇಲೆ ಒತ್ತಡ ತಂದದ್ದು ನಿಜ. ಆದರೆ ಮಾರ್ಚ್ 7ರಂದು ನಮ್ಮ ಪ್ರಧಾನಿ ಪುಟಿನ್ ಮತ್ತು ಝೆಲೆನ್‌ಸ್ಕಿ ಇಬ್ಬರೊಂದಿಗೂ ದೂರವಾಣಿಯಲ್ಲಿ ಮಾತನಾಡಿದ ಮೇಲೆ, 8ರಂದು ಸುಮಾರು 700 ವಿದ್ಯಾರ್ಥಿಗಳು ಬಸ್ಸುಗಳಲ್ಲಿ ಸುಮಿಯಿಂದ ಹೊರಬಂದರು. ಎರಡೂ ಕಡೆಯ ಸೈನ್ಯ ಕೆಲ ಗಂಟೆಗಳ ಕಾಲ ಗುಂಡು ಹಾರಿಸದಿರಲು ಒಪ್ಪಬೇಕಿತ್ತು, ಯಾವ ರಸ್ತೆ, ಎಷ್ಟು ಹೊತ್ತಿಗೆ ಎಂಬುದು ನಿಗದಿಯಾಗಬೇಕಿತ್ತು. ಇಂಥ ವಿವರಗಳನ್ನು ಯಾವ ಭಾಷಣವೂ ಹೊರಲಾರದು; ರಾಯಭಾರ ಕಚೇರಿಯ ಸಿಬ್ಬಂದಿಯೇ ಹೊರಬೇಕು.

ಮುಚ್ಚಿದ ಕೋಣೆಯ ಕೆಲಸವನ್ನು ಕ್ಯಾಮೆರಾದ ಮುಂದೆ ಮಾಡಹೊರಟರೆ ಏನಾಗುತ್ತದೆ ಎಂಬುದನ್ನು 2025ರ ಫೆಬ್ರುವರಿ 28ರಂದು ಜಗತ್ತು ನೋಡಿತು. ಶ್ವೇತಭವನದಲ್ಲಿ ಅಧ್ಯಕ್ಷ ಟ್ರಂಪ್, ಉಪಾಧ್ಯಕ್ಷ ವ್ಯಾನ್ಸ್ ಮತ್ತು ಝೆಲೆನ್‌ಸ್ಕಿ ನೇರಪ್ರಸಾರದಲ್ಲೇ ವಾಗ್ವಾದಕ್ಕಿಳಿದರು. ಅಮೆರಿಕ ಮತ್ತು ಉಕ್ರೇನ್ ನಡುವೆ ಅಂದು ಸಹಿಯಾಗಬೇಕಿದ್ದ ಖನಿಜ ಒಪ್ಪಂದ ಸಹಿಯಾಗದೆ ಉಳಿಯಿತು. ಎರಡು ತಿಂಗಳು ಅಧಿಕಾರಿಗಳು ಸದ್ದಿಲ್ಲದೆ ಕೆಲಸ ಮಾಡಿದ ನಂತರ ಏಪ್ರಿಲ್ 30ರಂದು ಎರಡೂ ದೇಶಗಳ ಸಚಿವರು ಅದಕ್ಕೆ ಸಹಿ ಹಾಕಿದರು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ವಿಡಿಯೊವನ್ನು ಕೀಳೆಣಿಸುತ್ತಿದ್ದೇನೆಂದು ತಿಳಿಯಬೇಡಿ. ದೊಡ್ಡ ರಾಯಭಾರ ವ್ಯವಸ್ಥೆ ಇಲ್ಲದ ಸಣ್ಣ ದೇಶಗಳಿಗೆ ಅದು ನಿಜವಾದ ಆಸರೆ. 2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನಕ್ಕೆ ತುವಾಲು ದೇಶದ ವಿದೇಶಾಂಗ ಸಚಿವ ಸೈಮನ್ ಕೋಫೆ, ಸೂಟು ಧರಿಸಿ ಮೊಣಕಾಲುದ್ದ ಸಮುದ್ರದ ನೀರಿನಲ್ಲಿ ನಿಂತು ಮಾತನಾಡಿ ಮುದ್ರಿಸಿದ ಭಾಷಣ ಕಳುಹಿಸಿದರು. ಹನ್ನೊಂದು ಸಾವಿರದಷ್ಟು ಜನರಿರುವ ದ್ವೀಪದೇಶ ಮುಳುಗುವ ಭಯವನ್ನು ಅದಕ್ಕಿಂತ ನೇರವಾಗಿ ಹೇಳುವ ದಾರಿ ಇರಲಿಲ್ಲ, ಮತ್ತು ಅದು ಸತ್ಯವಾದ ಭಯವಾಗಿತ್ತು.

ಭಾರತದ ಅನುಭವ ಮಿಶ್ರವಾದದ್ದು. 2020ರ ಮಾರ್ಚ್ 15ರಂದು, ಕೋವಿಡ್ ಹರಡುತ್ತಿದ್ದಾಗ, ಪ್ರಧಾನಿ ನರೇಂದ್ರ ಮೋದಿ ದಕ್ಷಿಣ ಏಷ್ಯಾದ ಸಹಕಾರ ಕೂಟವಾದ ಸಾರ್ಕ್ ದೇಶಗಳ ವಿಡಿಯೊ ಸಭೆ ಕರೆದರು. 2014ರ ಕಠ್ಮಂಡು ಶೃಂಗಸಭೆಯ ನಂತರ ಸಾರ್ಕ್ ನಾಯಕರು ಒಟ್ಟಾಗಿ ಕುಳಿತಿರಲಿಲ್ಲ. ತುರ್ತು ನಿಧಿಗೆ ಭಾರತ ಒಂದು ಕೋಟಿ ಡಾಲರ್ ಘೋಷಿಸಿತು. ಪಾಕಿಸ್ತಾನದ ಪ್ರಧಾನಿ ಬರಲಿಲ್ಲ. ಅವರ ಪರವಾಗಿ ಬಂದ ಆರೋಗ್ಯ ಸಲಹೆಗಾರರು ಕಾಶ್ಮೀರದ ವಿಷಯ ಎತ್ತಿದರು. ಸಾರ್ಕ್ ಶೃಂಗಸಭೆ ಅದರಿಂದ ಮರುಜೀವ ಪಡೆಯಲಿಲ್ಲ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮಹತ್ವದ್ದು 2022ರ ಸೆಪ್ಟೆಂಬರ್ 16. ಸಮರ್‌ಕಂಡ್‌ನಲ್ಲಿ ಪುಟಿನ್ ಅವರ ಎದುರು ಕುಳಿತು, ಕ್ಯಾಮೆರಾಗಳು ಇನ್ನೂ ಅಲ್ಲೇ ಇದ್ದಾಗ, ಇದು ಯುದ್ಧದ ಯುಗವಲ್ಲ ಎಂದು ಮೋದಿ ಹೇಳಿದರು. ಅದೇ ಮಾತನ್ನು ಬಾಗಿಲು ಮುಚ್ಚಿದ ಮೇಲೂ ಹೇಳಬಹುದಿತ್ತು. ಕ್ಯಾಮೆರಾ ಮುಂದೆ ಹೇಳಿದ್ದರಿಂದ ಅದು ಭಾರತದ ಘೋಷಿತ ನಿಲುವಾಯಿತು, ನವೆಂಬರ್‌ನಲ್ಲಿ ಬಾಲಿಯ ಜಿ20 ಘೋಷಣೆಯೊಳಗೂ ಸೇರಿತು. ರಷ್ಯಾದೊಂದಿಗಿನ ಸಂಬಂಧ ಮುರಿಯಲಿಲ್ಲ, ಏಕೆಂದರೆ ಆ ಸಂಬಂಧವನ್ನು ಹಿಡಿದಿಡುವ ಹತ್ತಾರು ದಾರಿಗಳು ಹಿಂದೆ ತೆರೆದೇ ಇದ್ದವು. ಆ ಸೆಪ್ಟೆಂಬರ್ 16ರಂದೇ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ, ಝೆಲೆನ್‌ಸ್ಕಿ ಅವರಿಗೆ ಮುದ್ರಿತ ವಿಡಿಯೊ ಮೂಲಕ ಮಾತನಾಡಲು ಅವಕಾಶ ಕೊಡಬೇಕೇ ಎಂಬ ಮತದಾನ ನಡೆಯಿತು: ಪರ 101, ವಿರುದ್ಧ 7, ತಟಸ್ಥ 19. ಭಾರತ ಪರವಾಗಿ ಮತ ಹಾಕಿತು.

ವಾಟ್ಸ್‌ಆ್ಯಪ್ ತುಣುಕುಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. 2022ರ ಮಾರ್ಚ್ 16ರಂದು ಝೆಲೆನ್‌ಸ್ಕಿ ತಮ್ಮ ಸೈನಿಕರಿಗೆ ಶರಣಾಗುವಂತೆ ಹೇಳುವ ಡೀಪ್‌ಫೇಕ್, ಅಂದರೆ ಕಂಪ್ಯೂಟರ್‌ನಿಂದ ಸೃಷ್ಟಿಸಿದ ನಕಲಿ, ವಿಡಿಯೊ ಹಬ್ಬಿತು. ಉಕ್ರೇನಿನ ಟೆಲಿವಿಷನ್ ವಾಹಿನಿಯೊಂದರ ಜಾಲತಾಣಕ್ಕೂ ಅದನ್ನು ನುಗ್ಗಿಸಲಾಗಿತ್ತು. ಅವರು ತಕ್ಷಣ ತಮ್ಮದೇ ವಿಡಿಯೊ ಹಾಕಿ ಅಲ್ಲಗಳೆದರು. ಅದು ಒರಟಾದ ನಕಲಿಯಾಗಿದ್ದರಿಂದ ಹೆಚ್ಚು ಹಾನಿಯಾಗಲಿಲ್ಲ. ಈಗಿನ ತಂತ್ರಜ್ಞಾನದಲ್ಲಿ ನಕಲಿ ಅಷ್ಟು ಒರಟಾಗಿರುವುದಿಲ್ಲ. ನೆಟ್‌ವರ್ಕ್ ಸರಿಯಿಲ್ಲದ ನಮ್ಮ ಹಳ್ಳಿಗಳಿಗೆ ಪೂರ್ಣ ಭಾಷಣ ತಲುಪುವುದಿಲ್ಲ, ಮೂವತ್ತು ಸೆಕೆಂಡಿನ ತುಣುಕು ತಲುಪುತ್ತದೆ. ಅದರ ಕನ್ನಡ ಅಡಿಬರಹವನ್ನು ಯಾರು ಬರೆದರೆಂಬುದು ಯಾರಿಗೂ ಗೊತ್ತಿರುವುದಿಲ್ಲ. ನಾಯಕರ ಅಧಿಕೃತ ಸಂದೇಶಗಳ ಲಿಖಿತ ಪಠ್ಯವನ್ನು ಅವರ ಕಚೇರಿ ಅಥವಾ ವಿದೇಶಾಂಗ ಸಚಿವಾಲಯ ಸಾಮಾನ್ಯವಾಗಿ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ತುಣುಕಿನಲ್ಲಿರುವ ಮಾತು ಆ ಪಠ್ಯದಲ್ಲಿ ಇಲ್ಲದಿದ್ದರೆ ಅದನ್ನು ಮುಂದಕ್ಕೆ ಕಳುಹಿಸದಿರುವುದೇ ಲೇಸು.

ಮಲೆನಾಡಿಗೆ ಇದರಿಂದ ಏನು ಎಂದಿರಿ. ಅಡಿಕೆಯನ್ನೇ ತೆಗೆದುಕೊಳ್ಳಿ. ಭೂತಾನ್ ಜೊತೆಗಿನ ನಮ್ಮ ಸ್ನೇಹದ ವಿಡಿಯೊಗಳನ್ನು ಎಲ್ಲರೂ ನೋಡಿದ್ದೇವೆ: ಸ್ವಾಗತ, ಆಲಿಂಗನ, ಸಾಲುಗಟ್ಟಿ ನಿಂತ ಮಕ್ಕಳು. ಆ ಸ್ನೇಹ ನಿಜವಾದದ್ದು, ದೇಶದ ಭದ್ರತೆಗೆ ಬೇಕಾದದ್ದು ಕೂಡ. ಆದರೆ ಆ ಸ್ನೇಹದ ಒಂದು ಭಾಗ ನಮ್ಮ ತೋಟಗಳಿಗೆ ತಲುಪಿದ್ದು 2022ರ ಸೆಪ್ಟೆಂಬರ್‌ನಲ್ಲಿ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಒಂದು ಅಧಿಸೂಚನೆಯ ರೂಪದಲ್ಲಿ: ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು, ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ, ಪಶ್ಚಿಮ ಬಂಗಾಳದ ಜೈಗಾಂವ್ ಸುಂಕ ಠಾಣೆಯ ಮೂಲಕ ತರಬಹುದು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಬೆಳೆಗಾರರು ಪ್ರತಿಭಟಿಸಿದರು. ಮರುವರ್ಷ ಫೆಬ್ರುವರಿಯಲ್ಲಿ, ಇತರ ಅಡಿಕೆ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಲಾಯಿತು. ಎರಡೂ ನಿರ್ಧಾರಗಳು ಹಳ್ಳಿಯ ಗುಂಪುಗಳಲ್ಲಿ ಹರಿದಾಡಿದ ಯಾವ ವಿಡಿಯೊದಲ್ಲೂ ಇರಲಿಲ್ಲ. ಎರಡೂ ಒಣ ಭಾಷೆಯ ಸರ್ಕಾರಿ ಕಾಗದಗಳಾಗಿದ್ದವು.

ಆದ್ದರಿಂದ ತರಗತಿಗೆ ನನ್ನದೊಂದು ಸಲಹೆಯಿದೆ. ವಿದ್ಯಾರ್ಥಿಗಳು ನಾಯಕರೊಬ್ಬರ ವಿಡಿಯೊ ಆರಿಸಿಕೊಳ್ಳಲಿ. ಅದು ಯಾರನ್ನು ಉದ್ದೇಶಿಸಿದೆ, ಎದುರಿನ ಸರ್ಕಾರವನ್ನೂ ಮಾತನಾಡಿಸಿದೆಯೇ ಅಥವಾ ಜನರನ್ನು ಮಾತ್ರವೇ, ‘ಮಾಡುತ್ತೇವೆ’ ಎಂದು ನಿಖರವಾಗಿ ಒಪ್ಪಿಕೊಂಡದ್ದು ಏನಾದರೂ ಇದೆಯೇ ಎಂದು ಬರೆದುಕೊಳ್ಳಲಿ. ನಂತರದ ಆರು ತಿಂಗಳಲ್ಲಿ ಆ ಎರಡು ದೇಶಗಳ ನಡುವೆ ಬಂದ ಜಂಟಿ ಹೇಳಿಕೆ, ಒಪ್ಪಂದ, ಸುಂಕದ ಅಧಿಸೂಚನೆಗಳನ್ನು ಹುಡುಕಿ ಪಕ್ಕದಲ್ಲಿಟ್ಟು ಓದಲಿ. ಭಾರತ ಮತ್ತು ಭೂತಾನ್‌ನಿಂದಲೇ ಆರಂಭಿಸಬಹುದು. ವಿದೇಶಾಂಗ ಸಚಿವಾಲಯದ ಜಂಟಿ ಹೇಳಿಕೆಗಳೂ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆಗಳೂ ಆಯಾ ಜಾಲತಾಣಗಳಲ್ಲಿ ಎಲ್ಲರಿಗೂ ಸಿಗುತ್ತವೆ, ಮತ್ತು ಅಡಿಕೆಯ ಧಾರಣೆ ನಿಮ್ಮ ತರಗತಿಯ ಬಹುಪಾಲು ಮಕ್ಕಳಿಗೆ ಮನೆಯಲ್ಲೇ ಗೊತ್ತಿರುತ್ತದೆ.